ಬೇಲಿ ದಾಟಿದ ಚೆಂಡು

ಅಪ್ಪ ಹೋದರೆಂಬ ಫೋನು ಇಂದುವಿಗೆ ಬಂದಾಗ ಅವಳು ಜಪಾನಿನ ತ್ಸುಕುಬಾದ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೂತು ಒಂದು ಬೇಸ್‌ಬಾಲ್ ಸಿನಿಮಾದ ಕೊನೆಯ ಹನ್ನೊಂದು ನಿಮಿಷಗಳನ್ನು ಶಾಟ್ ಶಾಟಾಗಿ ಪಟ್ಟಿ ಮಾಡುತ್ತಿದ್ದಳು. ಮಧ್ಯಾಹ್ನ ಎರಡು ಗಂಟೆ. ಮೆಟ್ಟಿಲ ಬಳಿ ಹೋಗಿ ಫೋನ್ ತೆಗೆದುಕೊಂಡಳು. ತಮ್ಮ ಅಜಯ್ ಅಳುತ್ತಲೇ ಹೇಳಿದ. ಅಪ್ಪ ಬೆಳಿಗ್ಗೆ ವಾಲಿಬಾಲ್ ಗ್ರೌಂಡಿನಿಂದ ಬಂದು, ಬಾಗಿಲ ಬಳಿ ಕೂತು ಶೂ ಬಿಚ್ಚುತ್ತಿದ್ದವರು ಹಾಗೇ ಗೋಡೆಗೆ ಒರಗಿದರಂತೆ. ಒಂದು ಶೂ ಕಾಲಲ್ಲೇ ಇತ್ತಂತೆ. ಇಂದು "ಹೂಂ" ಅಂದಳು. "ಅಮ್ಮ ಹೇಗಿದಾರೆ?" ಅಂದಳು. ಆಮೇಲೆ ಒಳಗೆ ಬಂದು ಉಳಿದಿದ್ದ ನಲವತ್ತೆರಡು ಶಾಟುಗಳ ಪಟ್ಟಿ ಮುಗಿಸಿ, ಫೈಲ್ ಸೇವ್ ಮಾಡಿ, ಅದಾದ ಮೇಲೆ ವಿಮಾನದ ಟಿಕೆಟ್ ಹುಡುಕಿದಳು.

ಮೈಸೂರಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದನೇ ದಿನ, ಹದಿಮೂರನೇ ದಿನ ಎಲ್ಲದರಲ್ಲೂ ಓಡಾಡಿದಳು. ಬಡಿಸಿದಳು, ಬಂದವರಿಗೆ ಚಾಪೆ ಹಾಸಿದಳು. ಅಳು ಬರಲಿಲ್ಲ. ಅತ್ತೆಯೊಬ್ಬರು, "ಜಪಾನಿಗೆ ಹೋಗಿ ಗಟ್ಟಿಯಾಗಿಬಿಟ್ಟಿದಾಳೆ" ಅಂದದ್ದು ಕೇಳಿಸಿತು. ಗಟ್ಟಿಯೂ ಅಲ್ಲ, ಏನೂ ಅಲ್ಲ ಎಂದು ಹೇಳಬೇಕೆನ್ನಿಸಿದರೂ ಹೇಳಲಿಲ್ಲ. ಹದಿನಾರನೇ ದಿನ ಹಿಂತಿರುಗಿ ಬಂದು, ಸೈಕಲ್ಲಿಗೆ ಗಾಳಿ ಹೊಡೆಸಿ, ಎಂದಿನಂತೆ ಲೈಬ್ರರಿಗೆ ಹೋದಳು. ತನ್ನ ಗೈಡ್ ಕುವಾಬಾರಾ ಸೆನ್ಸೇಗೆ ವಿಷಯ ತಿಳಿಸಿ ಒಂದು ಮೇಲ್ ಕಳಿಸಿದ್ದು ಬಿಟ್ಟರೆ ಅಲ್ಲಿ ಯಾರಿಗೂ ಹೇಳಲಿಲ್ಲ.

ಅವಳ ಪಿಎಚ್‌ಡಿ ವಿಷಯ ಕೇಳಿದವರು ಮೊದಲು ನಗುತ್ತಿದ್ದರು. ಅಮೆರಿಕದ ಕ್ರೀಡಾ ಸಿನಿಮಾಗಳು ಆ ದೇಶದ ಹಿಂದಿನ ಕಾಲವನ್ನು ಹೇಗೆ ಪುರಾಣ ಮಾಡುತ್ತವೆ ಎನ್ನುವುದು ವಿಷಯ. "ಸಿನಿಮಾ ನೋಡೋಕೂ ಡಾಕ್ಟರೇಟ್ ಕೊಡ್ತಾರಾ?" ಎಂದು ಅಪ್ಪನೇ ಕೇಳಿದ್ದರು. ಆ ಸಿನಿಮಾಗಳಲ್ಲಿ ಯಾವಾಗಲೂ ಸಂಜೆಯ ಬಿಸಿಲು. ಹುಲ್ಲಿನ ಮೈದಾನ. ಯಾರಿಗೂ ಬೇಡವಾದ ಒಂದು ತಂಡ. ಮೈಬಣ್ಣಕ್ಕೋ ಬಡತನಕ್ಕೋ ಸಂಬಂಧಿಸಿದ ಒಂದು ದೊಡ್ಡ ಅನ್ಯಾಯ ಇರುತ್ತದೆ. ಆದರೆ ಅದನ್ನು ಮಾಡಿದವನು ಒಬ್ಬನೇ ಒಬ್ಬ ಕೆಟ್ಟ ಮನುಷ್ಯ. ಕೊನೆಯ ನಿಮಿಷದಲ್ಲಿ ಒಂದು ಹೊಡೆತ ಬೀಳುತ್ತದೆ, ಅನ್ಯಾಯ ಕರಗುತ್ತದೆ, ದೀಪ ಹತ್ತುತ್ತದೆ, ಹಿಂದೆ ಆದದ್ದೆಲ್ಲ ಸರಿಹೋಯಿತು ಅಂದುಕೊಂಡು ಜನ ಮನೆಗೆ ಹೋಗುತ್ತಾರೆ. ಕಾನೂನು, ಕೋರ್ಟು, ಕಸಿದುಕೊಂಡ ಜಮೀನು, ಆಡಲು ಅವಕಾಶವೇ ಸಿಗದೆ ಸತ್ತವರು ಪರದೆಯ ಮೇಲೆ ಬರುವುದಿಲ್ಲ. "ಮರೆಯಲು ಪುರಾಣ ಸಹಾಯ ಮಾಡುತ್ತದೆ" ಎಂದು ಇಂದು ಒಂದು ಕಡೆ ಬರೆದಿದ್ದಳು. ಕುವಾಬಾರಾ ಸೆನ್ಸೇ ಅದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, "ಯಾರಿಗೆ?" ಎಂದು ಬರೆದು ವಾಪಸು ಕೊಟ್ಟಿದ್ದರು.

ನಾಲ್ಕನೇ ಅಧ್ಯಾಯ ಒಂದೇ ಸಿನಿಮಾದ ಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದವರನ್ನು, ಅಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಮನೆ ಬಿಡಿಸಿ ಮರುಭೂಮಿಯ ಕ್ಯಾಂಪುಗಳಲ್ಲಿ ಮುಳ್ಳುತಂತಿಯ ಹಿಂದೆ ಕೂಡಿಹಾಕಿದ್ದರು. ಅಂಥದೊಂದು ಕ್ಯಾಂಪಿನ ಬೇಸ್‌ಬಾಲ್ ತಂಡದ ಕಥೆ. ಕಲ್ಲು ಆರಿಸಿ ಮೈದಾನ ಮಾಡುತ್ತಾರೆ, ಹಾಸಿಗೆಯ ಬಟ್ಟೆಯಿಂದ ಯೂನಿಫಾರ್ಮ್ ಹೊಲಿಯುತ್ತಾರೆ, ಕೊನೆಗೆ ಕಾವಲು ಸೈನಿಕರ ತಂಡದ ಜೊತೆ ಪಂದ್ಯ. ಟಾಮಿ ಎಂಬ ಹದಿನೆಂಟರ ಹುಡುಗ ಹೊಡೆದ ಚೆಂಡು ಮುಳ್ಳುಬೇಲಿ ದಾಟಿ ಹಾರುತ್ತದೆ. ಕಾವಲು ಗೋಪುರದ ಸೈನಿಕ ಬಂದೂಕು ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಾನೆ. ಮುಂದಿನ ಶಾಟಿನಲ್ಲಿ ಗೇಟು ತೆರೆದಿರುತ್ತದೆ. ನಿಜ ಘಟನೆ ಆಧಾರಿತ ಎಂದು ಮೊದಲಲ್ಲೇ ಅಕ್ಷರಗಳು ಬರುತ್ತವೆ.

ಊರಿಂದ ಬಂದು ಮೂರು ವಾರವಾಗಿತ್ತು. ಟೋಕಿಯೋದ ಓಜಿಮಾದಿಂದ ಶ್ರಾವ್ಯಾ ಫೋನ್ ಮಾಡಿದಳು. ಇಂದುವಿನ ಕಾಲೇಜಿನ ಗೆಳತಿ, ಈಗ ಸಾಫ್ಟ್‌ವೇರ್ ಕೆಲಸದಲ್ಲಿ, ಗಂಡ ಮಗಳ ಜೊತೆ ಅಲ್ಲಿನ ದೊಡ್ಡ ಹೌಸಿಂಗ್ ಕಾಲೊನಿಯಲ್ಲಿದ್ದಳು.

"ಇಂದು, ನಿನ್ನ ಬೇಸ್‌ಬಾಲ್ ಸಿನಿಮಾ ಇದೆಯಲ್ಲ, ಕ್ಯಾಂಪಿಂದು? ಅದರ ಹೀರೋ ತಮ್ಮ ನಮ್ಮ ಬಿಲ್ಡಿಂಗಲ್ಲೇ ಇದಾರೆ ಕಣೇ! ನಾಲ್ಕನೇ ಫ್ಲೋರು. ಐದು ವರ್ಷದಿಂದ ಲಿಫ್ಟಲ್ಲಿ ಕೊನ್ನಿಚಿವಾ ಅಂತಿದೀನಿ, ಗೊತ್ತೇ ಇರ್ಲಿಲ್ಲ."

"ಹೀರೋ ಅಂದ್ರೆ ಆ್ಯಕ್ಟರಾ?"

"ಅಲ್ಲ ಕಣೇ, ನಿಜವಾದ ಟಾಮಿ. ನಮ್ಮ ಪಾರ್ಸೆಲ್ ಅವರ ಮನೆಗೆ ಹೋಗಿತ್ತು. ತಗೊಳೋಕೆ ಹೋದ್ರೆ ಒಳಗಡೆ ಗೋಡೇಲಿ ಪೋಸ್ಟರ್. ನನ್ನ ಫ್ರೆಂಡ್ ಇದರ ಮೇಲೇ ರಿಸರ್ಚ್ ಮಾಡ್ತಿದಾಳೆ ಅಂದೆ. ಕರ್ಕೊಂಡು ಬಾ ಅಂದ್ರು. ಇಂಗ್ಲಿಷ್ ಮಾತಾಡ್ತಾರೆ, ಆದ್ರೆ ಒಂಥರಾ... ನೀನೇ ಬಂದು ನೋಡು." ಅಪ್ಪ ಹೋದ ಸುದ್ದಿ ಊರಿನಿಂದ ಅವಳಿಗೂ ತಲುಪಿತ್ತು; ಕೊನೆಗೆ, "ಊಟ ಮಾಡ್ತಿದೀಯ ತಾನೆ?" ಅಂದಳು.

"ಮಾಡ್ತಿದೀನಿ."

ಮೊರಿತಾ ಕೆಂಜಿ ಎಂಬತ್ತೆಂಟರ ಮುದುಕ. ಬೂದು ಬಣ್ಣದ ಸ್ವೆಟರಿನೊಳಗೆ ಇನ್ನೊಬ್ಬರು ಹಿಡಿಸುವಷ್ಟು ತೆಳ್ಳಗಿದ್ದರು. ಅಲ್ಲೇ ಹತ್ತಿರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅರುವತ್ತು ದಾಟಿದ ಮಗಳು ಸಚಿಕೋ ಅವರ ಜೊತೆ ಇದ್ದರು. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಟೀ ಇಟ್ಟು, ಅಕ್ಕಿ ಬಿಸ್ಕತ್ತು ಇಟ್ಟು, ದೂರ ಕೂತರು.

ಶ್ರಾವ್ಯಾ "ಒಂಥರಾ" ಎಂದದ್ದು ಏಕೆಂದು ಇಂದುವಿಗೆ ಮೊದಲ ಮಾತಿಗೇ ತಿಳಿಯಿತು. ಮೊರಿತಾ ಎಂಟು ವರ್ಷದವರಿದ್ದಾಗ ಅಮೆರಿಕದಿಂದ ಹಡಗು ಹತ್ತಿದ್ದರು. ಆಮೇಲೆ ಅವರ ಇಂಗ್ಲಿಷ್ ಬೆಳೆದಿರಲಿಲ್ಲ. ಎಂಬತ್ತೆಂಟರ ಗಂಟಲಿನಿಂದ ಎಂಟು ವರ್ಷದ ಹುಡುಗನ ಮಾತು ಬರುತ್ತಿತ್ತು, ಈಗ ಅಮೆರಿಕದಲ್ಲೇ ಯಾರೂ ಆಡದ ಪದಗಳ ಸಮೇತ.

"ಸಿನಿಮಾ ಸ್ವೆಲ್ ಆಗಿತ್ತು," ಅಂದರು, ಸೊಗಸು ಎನ್ನುವುದಕ್ಕೆ ಆ ಕಾಲದ ಪದ ಬಳಸಿ. "ನಮ್ಮಣ್ಣ ತುಂಬಾ ಸ್ಟ್ರಾಂಗ್. ಅವನಷ್ಟು ದೂರ ಯಾರೂ ಹೊಡೀತಿರ್ಲಿಲ್ಲ. ಅವನ ಹೆಸರು ತೊಮಿಯೋ. ಎಲ್ಲಾರೂ ಟಾಮಿ ಅಂತಿದ್ರು."

ಇಂದು ರೆಕಾರ್ಡರ್ ಆನ್ ಮಾಡಿದಳು. "ಆ ಪಂದ್ಯ ನಿಮಗೆ ನೆನಪಿದೆಯಾ ಮೊರಿತಾ-ಸಾನ್?"

"ನೆನಪಿಲ್ದೆ? ನಾನು ಅಲ್ಲೇ ಇದ್ದೆ, ಬೇಲಿ ಪಕ್ಕ. ಸಂಜೆ. ಸೂರ್ಯ ಅಣ್ಣನ ಬೆನ್ನಿಗೆ. ಅಣ್ಣ ಕೈಗೆ ಮಣ್ಣು ಉಜ್ಜಿಕೊಂಡ. ಒಂದು ನಾಯಿ ಬಂದು ಮೈದಾನದ ಮಧ್ಯ ಕೂತ್ಕೊಂಡಿತು, ಎಲ್ಲರೂ ನಕ್ಕರು, ಸೋಲ್ಜರುಗಳೂ ನಕ್ಕರು. ಆಮೇಲೆ ಟಕ್!" ಎರಡೂ ಕೈ ಮೇಲೆತ್ತಿದರು. "ಬಾಲು ಬೇಲಿ ಮೇಲೆ ಹೋಯ್ತು. ಗೋಪುರದಲ್ಲಿದ್ದ ಸೋಲ್ಜರ್ ಚಪ್ಪಾಳೆ ಹೊಡೆದ."

ಇಂದು ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಅವರು ಹೇಳಿದ್ದು ಶಾಟ್ ಶಾಟಾಗಿ ಅವಳ ಪಟ್ಟಿಯೇ. ನಾಯಿ ಇನ್ನೂರ ಹನ್ನೆರಡನೇ ಶಾಟಿನಲ್ಲಿ ಬರುತ್ತದೆ. ಬೇಲಿ ಪಕ್ಕ ನಿಂತ ತಮ್ಮನ ಮುಖ ಇನ್ನೂರ ಹದಿನೆಂಟು.

"ಸಿನಿಮಾ ಬರುವುದಕ್ಕೆ ಮೊದಲು ಇದು ನೆನಪಿತ್ತಾ?" ಎಂದು ಕೇಳಿದಳು.

ಮೊರಿತಾ ಬಿಸ್ಕತ್ತು ಮುರಿದರು. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. "ಮೊದಲು ಧೂಳು ನೆನಪಿತ್ತು," ಅಂದರು. "ಬಾಗಿಲಿಲ್ಲದ ಕಕ್ಕಸು. ಅಮ್ಮ ರಾತ್ರಿ ಆಗೋವರೆಗೂ ಕಾಯ್ತಿದ್ದಳು."

ಎದ್ದು ಒಳಗೆ ಹೋದರು. ಸಿನಿಮಾ ಕಂಪನಿಯವರು ಕಳಿಸಿದ ಟೋಪಿಯನ್ನು ತಂದು ತೋರಿಸಿದರು.

ಆ ವಾರವೇ ಅಜಯ್ ವಾಟ್ಸ್ಯಾಪಿನಲ್ಲಿ ಎರಡು ಪುಟ ಕಳಿಸಿದ. ಅಪ್ಪ ನಟರಾಜ ಮೂವತ್ತು ವರ್ಷ ಕೋಚ್ ಆಗಿದ್ದ ಮೈಸೂರಿನ ಕ್ಲಬ್ಬಿನವರು ಅವರ ಹೆಸರಿನಲ್ಲಿ ಟೂರ್ನಮೆಂಟ್ ಇಟ್ಟುಕೊಂಡಿದ್ದರು. ಉದ್ಘಾಟನೆಗೆ ಒಂದು ವಿಡಿಯೋ. ಅದರ ಹಿನ್ನೆಲೆ ಮಾತುಗಳನ್ನು ಅಜಯ್ ಬರೆದಿದ್ದ. 'ಅಕ್ಕ, ಒಂದ್ಸಲ ನೋಡು. ನೀನು ಸಿನಿಮಾ ಎಕ್ಸ್‌ಪರ್ಟ್' ಎಂದು ಕೆಳಗೆ ಸೇರಿಸಿದ್ದ.

'ತಿರುಚ್ಚಿ, ೧೯೮೬. ದಕ್ಷಿಣ ವಲಯದ ಫೈನಲ್. ಎರಡು ಸೆಟ್ ಸೋತು ಎದ್ದು ನಿಂತ ಕರ್ನಾಟಕ. ಐದನೇ ಸೆಟ್, ಹದಿನಾಲ್ಕು-ಹದಿನಾಲ್ಕು. ನಟರಾಜ ನೆಲ ಬಿಟ್ಟು ಹಾರಿದರು. ಆ ಸ್ಪೈಕಿನ ಸದ್ದು ಇಂದಿಗೂ ಕೇಳಿಸುತ್ತದೆ. ಆಯ್ಕೆ ಸಮಿತಿಯ ಅಧ್ಯಕ್ಷರು ಓಡಿ ಬಂದು ಅವರನ್ನು ಅಪ್ಪಿಕೊಂಡರು.'

ಇಂದು ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ವೇದವಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಸೊಪ್ಪಿನ ಕಡ್ಡಿ ಮುರಿಯುವ ಸದ್ದು ಕೇಳಿಸುತ್ತಿತ್ತು.

"ಅಮ್ಮ, ತಿರುಚ್ಚಿ ಫೈನಲ್ಲಲ್ಲಿ ಅಪ್ಪ ಆಡಿದ್ರಾ?"

"ಟೀಮಲ್ಲಿದ್ರು."

"ಆಡಿದ್ರಾ ಅಂತ."

"ಇಲ್ಲ. ಹನ್ನೆರಡು ಜನರಲ್ಲಿ ಹನ್ನೆರಡನೆಯವರು. ಬೆಂಚಲ್ಲಿ ಕೂತಿದ್ರು. ಮಾರನೇ ವರ್ಷ ಅದೂ ಇಲ್ಲ. ಆ ಅಧ್ಯಕ್ಷ ತನ್ನ ಅಕ್ಕನ ಮಗನ್ನ ಸೇರಿಸ್ಕೊಂಡು ಇವರನ್ನ ಬಿಟ್ಟ. ಯಾಕೆ?"

"ಏನಿಲ್ಲ."

ಇಂದು ಅಜಯ್‌ಗೆ ಉತ್ತರ ಬರೆದಳು. ಒಂದು, ಎರಡು, ಮೂರು ಎಂದು ನಂಬರ್ ಹಾಕಿ ಬರೆದಳು. ಒಂದು, ಅಪ್ಪ ಫೈನಲ್ ಆಡಲಿಲ್ಲ. ಎರಡು, ಆ ಸ್ಪೈಕ್ ಬೇರೆ ಯಾರದೋ. ಮೂರು, ಅಧ್ಯಕ್ಷರು ಅಪ್ಪಿಕೊಂಡಿಲ್ಲ, ಮುಂದಿನ ವರ್ಷ ಕೈಬಿಟ್ಟರು. ಇವನ್ನು ತೆಗೆದು ಹಾಕು. ಕಳಿಸಿದ ಮೇಲೆ ಇನ್ನೊಮ್ಮೆ ಓದಿದಳು. ವಿದ್ಯಾರ್ಥಿಗಳ ಪೇಪರ್ ತಿದ್ದಿದ ಹಾಗಿತ್ತು. ಬದಲಾಯಿಸಬೇಕೆನ್ನಿಸಲಿಲ್ಲ.

ಅಜಯ್ ಐದು ನಿಮಿಷದೊಳಗೆ ಫೋನ್ ಮಾಡಿದ. "ನೀನು ಮನುಷ್ಯಳೇನಕ್ಕಾ? ಅವರು ಹೋಗಿ ಎರಡು ತಿಂಗಳಾಗಿಲ್ಲ."

"ನಡೆದಿಲ್ಲದ್ದು ನಡೀತು ಅಂತ ಯಾಕೆ ಹೇಳಬೇಕು?"

"ಯಾರಿಗೆ ನಷ್ಟ ಅದರಿಂದ? ಯಾರಿಗೆ?"

ಅವನು ಫೋನ್ ಇಟ್ಟ.

ಸಿನಿಮಾದ ಆ ಕ್ಯಾಂಪಿನಲ್ಲಿದ್ದವರು ಯುದ್ಧದ ಕಾಲದಲ್ಲಿ ತಾವೇ ಒಂದು ಇಂಗ್ಲಿಷ್ ಪತ್ರಿಕೆ ನಡೆಸುತ್ತಿದ್ದರು. ಸ್ಟೆನ್ಸಿಲ್ ಕತ್ತರಿಸಿ, ಕೈಯಲ್ಲಿ ತಿರುಗಿಸಿ ಅಚ್ಚು ಹಾಕಿದ ನಾಲ್ಕು ಪುಟ. ಅದರ ಮೂರು ವರ್ಷದ ಸಂಚಿಕೆಗಳೂ ಅಮೆರಿಕದ ಒಂದು ಸಂಗ್ರಹದ ವೆಬ್‌ಸೈಟಿನಲ್ಲಿದ್ದವು. ಇಂದು ದಿನಕ್ಕೆ ಹತ್ತು ಗಂಟೆ ಕೂತು ಓದಿದಳು. ಎಷ್ಟು ಗಂಟೆಯಾದರೂ ದಣಿವಾಗುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಏಳನೇ ದಿನ ಸಿಕ್ಕಿತು. ಸಿನಿಮಾ ಹೇಳುವ ಅದೇ ಬೇಸಿಗೆ, ಆ ಋತುವಿನ ಕೊನೆಯ ಪಂದ್ಯ. ಸೈನಿಕರ ವಿರುದ್ಧ ಅಲ್ಲ, ಕ್ಯಾಂಪಿನದೇ ಇನ್ನೊಂದು ಬ್ಲಾಕಿನ ತಂಡದ ವಿರುದ್ಧ. ಟಾಮಿಯ ತಂಡಕ್ಕೆ ಹನ್ನೊಂದು-ಎರಡರಿಂದ ಸೋಲು. ಟಿ. ಮೊರಿತಾ: ಮೂರು ಸಲ ಬ್ಯಾಟ್ ಹಿಡಿದದ್ದು, ಒಂದೂ ಹಿಟ್ ಇಲ್ಲ, ಫೀಲ್ಡಿಂಗಿನಲ್ಲಿ ಎರಡು ತಪ್ಪು. ಸೈನಿಕರ ಜೊತೆ ಆಡಿದ ಪಂದ್ಯ ಮೂರು ವರ್ಷದಲ್ಲಿ ಒಂದೂ ಇರಲಿಲ್ಲ.

ಅವಳು ಪ್ರಿಂಟ್ ತೆಗೆದುಕೊಂಡು ಮುಂದಿನ ಶನಿವಾರ ಓಜಿಮಾಕ್ಕೆ ಹೋದಳು. ಯಾಕೆ ತೋರಿಸಬೇಕೆಂದು ಯೋಚಿಸಲಿಲ್ಲ. ದಾಖಲೆ ಸಿಕ್ಕಿದೆ, ಸಾಕ್ಷಿ ಬದುಕಿದ್ದಾರೆ, ಇಬ್ಬರನ್ನೂ ಎದುರುಬದುರು ಕೂರಿಸಬೇಕು. ಅಷ್ಟೇ ಇತ್ತು ತಲೆಯಲ್ಲಿ.

ಸಚಿಕೋ ಅಡುಗೆಮನೆಯಲ್ಲಿದ್ದರು. ಮೊರಿತಾ ಕನ್ನಡಕ ಹಾಕಿಕೊಂಡು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಬೆರಳು ಸಾಲಿನ ಕೆಳಗೆ ಚಲಿಸಿ, ಒಂದು ಕಡೆ ನಿಂತಿತು.

"ತಪ್ಪು, ಎರಡು," ಎಂದು ಇಂಗ್ಲಿಷಿನಲ್ಲಿ ಓದಿದರು.

"ಇದೇ ಆ ಪಂದ್ಯ ಅಲ್ವಾ ಮೊರಿತಾ-ಸಾನ್?"

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿದರು. "ಅರಿಗಾತೋ," ಎಂದು ಥ್ಯಾಂಕ್ಸ್ ಹೇಳಿದರು. ಕಾಗದವನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತರು. ಇಂದು ರೆಕಾರ್ಡರ್ ಆಫ್ ಮಾಡಿ, ತಲೆಬಾಗಿಸಿ ಹೊರಟುಬಂದಳು.

ಒಂಬತ್ತು ದಿನ ಬಿಟ್ಟು ಸಚಿಕೋ ಫೋನ್ ಮಾಡಿದರು. ತೊಂದರೆ ಕೊಡುತ್ತಿರುವುದಕ್ಕೆ ಮೊದಲೇ ಎರಡು ಸಲ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು. ತಂದೆ ಗೋಡೆಯ ಪೋಸ್ಟರ್ ತೆಗೆಸಿದ್ದಾರೆ. ಬೆಳಿಗ್ಗೆ ಕೆಳಗಿಳಿದು ವಾಕಿಂಗ್ ಹೋಗುವುದನ್ನು ಬಿಟ್ಟಿದ್ದಾರೆ. ಅನ್ನ ಎರಡು ತುತ್ತಿಗೆ ನಿಲ್ಲಿಸುತ್ತಾರೆ. ಕೇಳಿದರೆ ಏನಿಲ್ಲ ಅನ್ನುತ್ತಾರೆ. "ನೀವು ಕೊಟ್ಟ ಕಾಗದದಲ್ಲಿ ಏನಿತ್ತು? ನನಗೆ ಓದಲು ಬರುವುದಿಲ್ಲ," ಎಂದು ಕೇಳಿದರು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂದು ಇಂದುವಿಗೆ ಅನ್ನಿಸಿತು.

ಅವಳು ಹೇಳಿದಳು. "ಹೌದಾ," ಅಂದರು ಸಚಿಕೋ. "ದೊಡ್ಡಪ್ಪ ಬೇಸ್‌ಬಾಲ್ ಆಡಿದ್ದನ್ನು ನಾನೂ ನೋಡಿಲ್ಲ. ಟಿವಿಯಲ್ಲಿ ಬಂದರೂ ಎದ್ದು ಹೋಗುತ್ತಿದ್ದರು."

ಮರುದಿನ ಬೆಳಿಗ್ಗೆ ಇಂದು ಟೋಕಿಯೋದ ಅಕಿಹಬಾರಾಕ್ಕೆ ಹೋಗುವ ರೈಲು ಹಿಡಿದಳು. ಏನು ಹೇಳುವುದೆಂದು ಜಪಾನಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಕ್ಷಮೆ ಕೇಳಲು ಆ ಭಾಷೆಯಲ್ಲಿ ಬೇಕಾದಷ್ಟು ಮಾತುಗಳಿವೆ. ಯಾವುದೂ ಸರಿಹೋಗಲಿಲ್ಲ.

ಮೊರಿತಾ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಪೋಸ್ಟರ್ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು. ಇಂದು ನೆಲದ ಮೇಲೆ ಮಂಡಿಯೂರಿ ತಲೆ ಬಾಗಿಸಿದಳು.

"ಯೋಚನೆ ಮಾಡದೆ ಆ ಕಾಗದ ತಂದುಬಿಟ್ಟೆ. ತಪ್ಪಾಯಿತು. ನನ್ನ ತಂದೆ ತೀರಿಕೊಂಡು ಎರಡು ತಿಂಗಳಾಯಿತು. ಅದು ಕಾರಣ ಅಂತ ಹೇಳುತ್ತಿಲ್ಲ. ಆದರೆ ಆಮೇಲಿಂದ ನನಗೆ ಯಾವುದೂ ಮೈಗೆ ತಟ್ಟುತ್ತಿಲ್ಲ. ಬೇರೆಯವರಿಗೆ ತಟ್ಟುತ್ತದೆ ಅನ್ನುವುದೂ ಮರೆತುಹೋಗಿತ್ತು."

ಅವರು ಅವಳನ್ನು ನೋಡಿದರು. "ತಂದೆ ಏನು ಮಾಡುತ್ತಿದ್ದರು?"

"ಬ್ಯಾಂಕಿನಲ್ಲಿದ್ದರು. ವಾಲಿಬಾಲ್ ಆಡುತ್ತಿದ್ದರು."

"ಚೆನ್ನಾಗಿ ಆಡುತ್ತಿದ್ದರಾ?"

"ಗೊತ್ತಿಲ್ಲ. ಬೆಂಚಿನಲ್ಲಿರುತ್ತಿದ್ದರಂತೆ."

ಮೊರಿತಾ ತಲೆಯಾಡಿಸಿದರು. ಎದ್ದು ಕೂರಲು ಹೇಳಿದರು. ಅಂದು ಅವರು ಇಂಗ್ಲಿಷ್ ಆಡಲಿಲ್ಲ. ಜಪಾನಿಯಲ್ಲೇ ಮಾತಾಡಿದರು. ಹುಡುಗ ಹೋಗಿ ವಯಸ್ಸಾದ ಒಬ್ಬ ಮನುಷ್ಯ ಆ ಕುರ್ಚಿಯಲ್ಲಿ ಬಂದು ಕೂತ ಹಾಗಾಯಿತು.

"ಯುದ್ಧ ಮುಗಿದ ಮೇಲೆ ಅಪ್ಪ ಜಪಾನಿಗೆ ಹೋಗುತ್ತೇನೆಂದು ಸಹಿ ಹಾಕಿದ. ಅಣ್ಣನಿಗೆ ಹತ್ತೊಂಬತ್ತು. ಅವನಿಗೆ ಬರುವುದು ಬೇಕಿರಲಿಲ್ಲ. ಹಿರಿಯ ಮಗ, ಬಂದ. ಉರಾಗಾದಲ್ಲಿ ಹಡಗಿಳಿದೆವು. ಕುಮಾಮೊಟೊದಲ್ಲಿ ಚಿಕ್ಕಪ್ಪ ನಮಗೆ ದನದ ಕೊಟ್ಟಿಗೆ ಬಿಟ್ಟುಕೊಟ್ಟರು. ಊರಿನವರು ನಮ್ಮನ್ನು ಅಮೆರಿಕ ಅಂತಲೇ ಕರೆಯುತ್ತಿದ್ದರು. ಅಣ್ಣ ಆಮೇಲೆ ಲಾರಿ ಓಡಿಸಿದ. ಕುಡಿಯುತ್ತಿದ್ದ. ಮಾತಿಲ್ಲ. ೧೯೮೯ರಲ್ಲಿ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋದ. ಅಂತ್ಯಕ್ರಿಯೆಗೆ ಹನ್ನೊಂದು ಜನ. ಅವನ ಕಂಪನಿಯ ಮ್ಯಾನೇಜರ್ ಎದ್ದು ನಿಂತು ನಾಲ್ಕು ಮಾತಾಡಬೇಕಿತ್ತು. 'ಮೊರಿತಾ-ಸಾನ್ ಯಾವತ್ತೂ ತಡವಾಗಿ ಬಂದವರಲ್ಲ' ಅಂದರು. ಇನ್ನೇನು ಹೇಳುವುದೆಂದು ಅವರಿಗೆ ಹೊಳೆಯಲಿಲ್ಲ. ಕೂತುಕೊಂಡರು."

ಸಚಿಕೋ ಬಾಗಿಲಲ್ಲಿ ಬಂದು ನಿಂತಿದ್ದರು.

"ಎಂಟು ವರ್ಷದ ನಂತರ ಕ್ಯಾಲಿಫೋರ್ನಿಯಾದಿಂದ ಒಬ್ಬ ಹೆಂಗಸು ಕಾಗದ ಬರೆದಳು. ಚಿಕ್ಕವಳಿದ್ದಾಗ ನಮ್ಮ ಕ್ಯಾಂಪಿನಲ್ಲೇ ಇದ್ದವಳು. ಎಲ್ಲರ ನೆನಪು ಸೇರಿಸಿ ಪುಸ್ತಕ ಮಾಡುತ್ತೇನೆ, ನಿಮ್ಮ ಅಣ್ಣನ ಬಗ್ಗೆ ಏನಾದರೂ ಬರೆಯಿರಿ ಅಂದಳು. ಡಿಕ್ಷನರಿ ಇಟ್ಟುಕೊಂಡು ಮೂರು ದಿನ ಕೂತೆ. ಏನು ಬರೆಯಲಿ? ಲಾರಿ? ಟೈಮಿಗೆ ಸರಿಯಾಗಿ ಬರುತ್ತಿದ್ದ ಅಂತಲಾ? ಒಂದೇ ವಾಕ್ಯ ಬರೆದು ಕಳಿಸಿದೆ. 'ನನ್ನ ಅಣ್ಣ ಹೊಡೆದ ಚೆಂಡು ಬೇಲಿ ದಾಟಿತು.'"

ಇಂದುವಿಗೆ ತಕ್ಷಣ ಅರ್ಥವಾಗಲಿಲ್ಲ. ಎರಡು ವರ್ಷದಿಂದ ಅವಳು ಈ ಸುಳ್ಳಿನ ಮೂಲವನ್ನು ಹುಡುಕಿದ್ದು ಕ್ಯಾಲಿಫೋರ್ನಿಯಾದ ಸ್ಟುಡಿಯೋಗಳಲ್ಲಿ, ನಿರ್ಮಾಪಕರ ಸಂದರ್ಶನಗಳಲ್ಲಿ. ಅದು ಈ ಮೇಜಿನ ಮೇಲೆ ಹುಟ್ಟಿತ್ತು.

"ಆ ಹೊಡೆತ ನೀವು..."

"ಚೆಂಡನ್ನು ಬೇಲಿ ದಾಟಿಸಿದ್ದು ನಾನು. ಗೋಪುರದ ಸೈನಿಕ ಚಪ್ಪಾಳೆ ತಟ್ಟಿದ್ದನ್ನು ಆ ಪುಸ್ತಕ ಓದಿದ ಸಿನಿಮಾದವರು ಸೇರಿಸಿದರು. ಗೇಟು ತೆರೆದದ್ದೂ ಅವರೇ. ನಮಗೆ ಯಾರೂ ಹಾಗೆ ಗೇಟು ತೆರೆಯಲಿಲ್ಲ. ಹೆಸರು ಕೂಗಿ, ಸಾಲು ನಿಲ್ಲಿಸಿ, ರೈಲು ಹತ್ತಿಸಿದರು."

"ನಾಯಿ?"

"ನಾಯಿಯೂ ಅವರದೇ." ಮೊರಿತಾ ಕಿಟಕಿಯ ಹೊರಗೆ ನೋಡಿದರು. "ನಮ್ಮ ನಾಯಿ ಊರಲ್ಲೇ ಉಳಿಯಿತು. ಕ್ಯಾಂಪಿಗೆ ತರುವ ಹಾಗಿರಲಿಲ್ಲ. ಬಸ್ಸಿನ ಹಿಂದೆ ಬಹಳ ದೂರ ಓಡಿಬಂತು. ಅದು ಸಿನಿಮಾದಲ್ಲಿಲ್ಲ."

ಕೆಳಗೆ ಅಂಗಳದಲ್ಲಿ ಯಾವುದೋ ಮಗುವನ್ನು ತಾಯಿ ತೆಲುಗಿನಲ್ಲಿ ಕೂಗುತ್ತಿದ್ದಳು.

"ನಾನು ಬರೆದದ್ದು ಅಣ್ಣನಿಗಾಗಿ," ಅಂದರು ಮೊರಿತಾ. "ಅವರು ಸೇರಿಸಿದ್ದು ಆ ಸೈನಿಕನಿಗಾಗಿ. ಅವನು ಒಳ್ಳೆಯವನಾಗಿರಬೇಕು ಅಂತ ಅವರಿಗೆ ಆಸೆ. ಮೊದಲನೇ ಸಲ ಥಿಯೇಟರಿನಲ್ಲಿ ಕೂತು ನೋಡಿದಾಗ ಸಿಟ್ಟು ಬಂತು. ಎರಡನೇ ಸಲ ಅತ್ತುಬಿಟ್ಟೆ. ಮೂರನೇ ಸಲದ ಹೊತ್ತಿಗೆ ನಾನೂ ಅಲ್ಲೇ ಇದ್ದೆ, ಬೇಲಿಯ ಪಕ್ಕ. ನನಗೂ ಅದು ಇಷ್ಟವಾಯಿತು ಇಂದು-ಸಾನ್. ತೊಂದರೆ ಅದೇ. ನಿಮ್ಮ ಕಾಗದ ನೋಡುವವರೆಗೆ ಅದು ನಾನೇ ಬರೆದ ಸುಳ್ಳು ಅನ್ನುವುದು ನಿಜವಾಗಿ ಮರೆತುಹೋಗಿತ್ತು."

ಇಂದು ಕೇಳಿದಳು, "ಇದನ್ನು ಬರೆಯಬಹುದಾ? ಬೇಡ ಅಂದರೆ ಬಿಡುತ್ತೇನೆ. ನಾಲ್ಕನೇ ಅಧ್ಯಾಯವನ್ನೇ ಬಿಡುತ್ತೇನೆ."

ಅವರು ಸ್ವೆಟರಿನ ಜೇಬಿನಿಂದ ಮಡಿಸಿದ ಪ್ರಿಂಟ್ ತೆಗೆದರು. ಮಡಿಕೆಗಳು ಮೆತ್ತಗಾಗಿದ್ದವು. ಎಷ್ಟೋ ಸಲ ಬಿಚ್ಚಿ ಓದಿದ್ದರು.

"ಬರೆಯಿರಿ. ಎರಡು ತಪ್ಪು ಅಂತಲೂ ಬರೆಯಿರಿ. ಧೂಳೆದ್ದರೆ ಅಲ್ಲಿ ಚೆಂಡು ಕಾಣುತ್ತಿರಲಿಲ್ಲ, ಎಲ್ಲರೂ ತಪ್ಪು ಮಾಡುತ್ತಿದ್ದರು, ಅದನ್ನೂ ಬರೆಯಿರಿ. ಆದರೆ ಟಾಮಿ ಅಂತ ಬೇಡ." ಮಗಳಿಂದ ಪೆನ್ನು ಇಸಿದುಕೊಂಡು, ಟಿ. ಮೊರಿತಾ ಎಂದಿದ್ದ ಸಾಲಿನ ಪಕ್ಕ ತೊಮಿಯೋ ಎಂದು ಜಪಾನಿ ಲಿಪಿಯಲ್ಲಿ ಬರೆದರು. ಎರಡನೇ ಅಕ್ಷರ ಸ್ವಲ್ಪ ಕೆಳಗಿಳಿಯಿತು.

ಸಚಿಕೋ ಪೋಸ್ಟರನ್ನು ಏನು ಮಾಡಲಿ ಎಂದು ಕೇಳಿದರು.

"ಮತ್ತೆ ಅಲ್ಲೇ ಹಾಕಿಬಿಡು. ಗೋಡೆ ಚೆನ್ನಾಗಿ ಕಾಣ್ತಿಲ್ಲ," ಅಂದರು.

ಆ ಮಧ್ಯಾಹ್ನ ಶ್ರಾವ್ಯಾಳ ಮನೆಯಲ್ಲಿ ಊಟಕ್ಕೆ ಕೂತಾಗ ಇಂದು ಅಜಯ್‌ಗೆ ಫೋನ್ ಮಾಡಿದಳು. ಟೂರ್ನಮೆಂಟಿಗೆ ಇನ್ನು ನಾಲ್ಕು ದಿನವಿತ್ತು.

"ಸ್ಪೈಕ್ ಇರಲಿ ಕಣೋ. ನಿನಗೆ ಬೇಕಾದ ಹಾಗೆ ಇಟ್ಕೊ. ಆ ಅಧ್ಯಕ್ಷ ಅಪ್ಪಿಕೊಂಡಿದ್ದೊಂದು ತೆಗಿ."

"ಯಾಕೆ, ಅದೊಂದೇ?"

"ಅವನು ಅಪ್ಪನ್ನ ತೆಗೆದುಹಾಕಿದೋನು. ಅಪ್ಪ ಹೊಡೆದ್ರು ಅನ್ನೋದು ನಮ್ಮ ಆಸೆ. ಅವನು ಅಪ್ಪಿಕೊಂಡ ಅಂದ್ರೆ ಅವನು ಮಾಡಿದ್ದನ್ನೂ ನಾವೇ ಒರೆಸಿ ಕೊಟ್ಟ ಹಾಗಾಗತ್ತೆ."

ಅಜಯ್ ದನಿ ತಗ್ಗಿಸಿ ಹೇಳಿದ, "ಅಕ್ಕ, ಅವರ ಮಗಾನೇ ಚೀಫ್ ಗೆಸ್ಟು. ಶೀಲ್ಡು, ಶಾಮಿಯಾನ ಎಲ್ಲ ಅವರೇ ನೋಡ್ಕೊಳ್ತಿದಾರೆ. ಕ್ಲಬ್ಬಿನೋರೇ ಆ ಲೈನ್ ಸೇರಿಸು ಅಂದಿದ್ದು. ಈಗ ಹೆಂಗೆ ತೆಗೀಲಿ?"

"ಸರಿ," ಅಂದಳು ಇಂದು. ಶ್ರಾವ್ಯಾ ಅವಳ ತಟ್ಟೆಗೆ ಇನ್ನಷ್ಟು ಸಾರು ಹಾಕಿದಳು.

ವಿಡಿಯೋ ಹಾಗೆಯೇ ತೋರಿಸಿದರು. ಇಂದು ಅದನ್ನು ನೋಡಲಿಲ್ಲ. ಅಂದು ಸಂಜೆ ಏಳಕ್ಕೆ ತ್ಸುಕುಬಾದ ತನ್ನ ರೂಮಿನಿಂದ ಅಮ್ಮನಿಗೆ ಫೋನ್ ಮಾಡಿದಳು. ಮೈಸೂರಿನಲ್ಲಿ ಇನ್ನೂ ಬೆಳಕಿತ್ತು. ಅಮ್ಮ ಗ್ರೌಂಡಿನಿಂದ ಆಗತಾನೆ ಬಂದಿದ್ದರು.

"ಹೇಗಿತ್ತಮ್ಮ?"

"ಚೆನ್ನಾಗಿತ್ತು. ಎಲ್ಲಾರೂ ಚಪ್ಪಾಳೆ ಹೊಡೆದ್ರು. ಆ ಸ್ಪೈಕ್ ನಿಮ್ಮಪ್ಪನೇ ಹೊಡೆದ್ರೇನೋ ಅಂತ ನಂಗೂ ಒಂದ್ ಗಳಿಗೆ ಅನ್ನಿಸ್ತು. ಆ ಅಧ್ಯಕ್ಷನ ಮಗ ಸ್ಟೇಜ್ ಮೇಲೇ ಕಣ್ಣೊರೆಸ್ಕೊಂಡ. ಪಾಪ, ಅವನಿಗೇನು ಗೊತ್ತು."

"ನಿಮಗೆ ಸಿಟ್ಟು ಬರಲಿಲ್ವಾ?"

"ಬಂತು," ಅಂದರು ಅಮ್ಮ. "ಬಂದು ಹೋಯ್ತು. ಅಜಯ್ ಮುಖ ನೋಡ್ದೆ, ಸುಮ್ನಾದೆ."

ಇಂದು ಕೇಳಿದಳು, "ಅಮ್ಮ, ತಿರುಚ್ಚೀಲಿ ಬೆಂಚ್ ಮೇಲೆ ಕೂತು ಅಪ್ಪ ಏನ್ ಮಾಡ್ತಿದ್ರು? ನಿಮಗೇನಾದ್ರೂ ಹೇಳಿದ್ರಾ?"

"ಹೇಳದೆ ಏನು. ಆಡೋರು ಎಲ್ಲಾರೂ ವಾಚು, ಉಂಗುರ, ದಾರ ಬಿಚ್ಚಿ ಇವರ ಕೈಗೆ ಕೊಟ್ಟಿದ್ರಂತೆ. ಟವೆಲ್ಲಲ್ಲಿ ಗಂಟು ಕಟ್ಕೊಂಡು ಮಡಿಲಲ್ಲಿ ಇಟ್ಕೊಂಡು ಕೂತಿದ್ರಂತೆ. ಮ್ಯಾಚ್ ಗೆದ್ದಾಗ ಎಲ್ಲಾರೂ ಒಳಗೆ ಓಡಿದ್ರಲ್ಲ, ಇವರಿಗೆ ಏಳೋಕಾಗ್ಲಿಲ್ಲ. ಎದ್ರೆ ಎಲ್ಲಾ ಚೆಲ್ಲಿಹೋಗತ್ತೆ ಅಂತ."

"ಎದ್ದೇ ಇಲ್ವಾ?"

"ಕೂತಲ್ಲೇ ಕೂಗಿದ್ರಂತೆ. ಗಂಟಲು ಕಟ್ಟಿಹೋಗಿತ್ತು. ಬಂದು ಮೂರು ದಿನ ನನ್ನ ಹತ್ರ ಸನ್ನೇಲೇ ಮಾತು. ನಗು ಬರ್ತಿತ್ತು ನಂಗೆ. ಆಗಿನ್ನೂ ಮದುವೆಯಾಗಿ ನಾಲ್ಕು ತಿಂಗಳು. ಕಾಫಿ ಬೇಕು ಅನ್ನೋಕೆ ಹಿಂಗೆ ಕೈ ಮಾಡೋರು..." ಅಮ್ಮನ ಕೈ ಫೋನಿನಲ್ಲಿ ಕಾಣುವ ಹಾಗಿರಲಿಲ್ಲ. "ಇಂದು? ಇಂದು, ಕೇಳಿಸ್ತಿದೆಯಾ?"

ಇಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಉಸಿರು ಎಳೆದುಕೊಂಡ ಸದ್ದು ಆ ತುದಿಗೆ ಕೇಳಿಸಿರಬೇಕು. ಅಮ್ಮ ಫೋನ್ ಇಡಲಿಲ್ಲ. 'ಅಳಬೇಡ' ಎಂದೂ ಹೇಳಲಿಲ್ಲ. ಅಷ್ಟು ದೂರದಲ್ಲಿ ಸುಮ್ಮನೆ ಕೂತಿದ್ದರು.